ಇಪ್ಪತ್ತೈದನೆಯ ಸುತ್ತು

ಮಕ್ಕಳಿಗೆ ಹೊಡೆಯುವುದರಲ್ಲಿ ನನ್ನನ್ನು ಮೀರಿಸುವವರು ಬಂಟ್ವಾಳ, ಬೆಳ್ತಂಗಡಿಯ ಯಾವ ಹೈಸ್ಕೂಲಿನಲ್ಲೂ ಇರಲಿಲ್ಲ. ಈಗ ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹೆಮ್ಮೆಯಿಂದ ಹೇಳಿಕೊಂಡ ವರ್ಷಗಳೂ ಇದ್ದವು. ಮೂವತ್ತಮೂರು ವರ್ಷ ನಾನು ಪಿ.ಟಿ. ಟೀಚರ್. ಕಾಲೇಜಿನಲ್ಲಿ ಡಿಸ್ಕಸ್ ಎಸೆದು ಗಟ್ಟಿಯಾದ ಬಲಗೈ ನನ್ನದು. ಬೆತ್ತ ಹುಡುಕಿ ತರುವಷ್ಟು ತಾಳ್ಮೆ ನನಗಿರಲಿಲ್ಲ, ಕೈಯೇ ಮುಂದೆ ಹೋಗುತ್ತಿತ್ತು. ಅಸೆಂಬ್ಲಿಯಲ್ಲಿ ಸಾಲು ಸೊಟ್ಟಗಾದರೆ ಒಂದು, ಅಂಗಿಯ ಗುಂಡಿ ಬಿಚ್ಚಿದ್ದರೆ ಒಂದು, ಎದುರು ಮಾತಾಡಿದರೆ ಎರಡು. ನಾನು ಜಗಲಿಗೆ ಕಾಲಿಟ್ಟರೆ ಮಕ್ಕಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ಅವರಲ್ಲಿ ಒಬ್ಬ ಹತ್ತನೇ ಕ್ಲಾಸಿನ ಬ್ಯಾರಿ ಮುಸ್ಲಿಮರ ಹುಡುಗ. ಕಡ್ಡಿಯ ಹಾಗಿದ್ದ, ಆದರೆ ಓಡಲು ಬಿಟ್ಟರೆ ನಿಲ್ಲುತ್ತಿರಲಿಲ್ಲ. ತಾಲೂಕು ಕ್ರೀಡಾಕೂಟದಲ್ಲಿ ಐದು ಸಾವಿರ ಮೀಟರ್ ಓಟಕ್ಕೆ ಅವನನ್ನು ಇಳಿಸಿದ್ದೆ. ಮೈದಾನ ಚಿಕ್ಕದು, ಸುತ್ತಿಗೆ ಇನ್ನೂರು ಮೀಟರ್, ಒಟ್ಟು ಇಪ್ಪತ್ತೈದು ಸುತ್ತು. ಎಲ್ಲರಿಗಿಂತ ಅರ್ಧ ಸುತ್ತು ಮುಂದಿದ್ದವನು ಇಪ್ಪತ್ತನಾಲ್ಕನೆಯದನ್ನು ಮುಗಿಸಿ, ಗೆದ್ದವನ ಹಾಗೆ ಕೈ ಮೇಲೆತ್ತಿ ನಿಂತುಬಿಟ್ಟ. ಉಳಿದವರು ಅವನ ಪಕ್ಕದಿಂದ ಓಡಿ ಕೊನೆಯ ಸುತ್ತಿಗೆ ಹೋದರು. ನಾನು ಮೈದಾನಕ್ಕೆ ನುಗ್ಗಿ, ಅಷ್ಟೂ ಶಾಲೆಗಳ ಮಕ್ಕಳ ಎದುರು, ಅವನ ಎಡಗೆನ್ನೆಗೆ ಬಾರಿಸಿದೆ. ಅವನು ತಿರುಗಿ ಮಣ್ಣಿಗೆ ಬಿದ್ದ. ಕಿವಿ ಹಿಡಿದುಕೊಂಡು ಎದ್ದ. ಅಳಲಿಲ್ಲ.

ಮರುದಿನ ಅವನ ತಾಯಿ, ಅವನ ಉಮ್ಮ, ಶಾಲೆಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಸೆರಗು ಸಿಕ್ಕಿಸಿಕೊಂಡು ತಯಾರಾದೆ. ಆ ಹೆಂಗಸು, "ಇನ್ನೂ ಎರಡು ಕೊಡಿ ಟೀಚರೇ, ಮನೆಯಲ್ಲಿ ಕರೆದ್ರೆ ಓ ಅನ್ನುದಿಲ್ಲ" ಎಂದು ಹೇಳಿ ಹೋದರು. ಕೊಟ್ಟೆ. ಎರಡಲ್ಲ, ಲೆಕ್ಕವಿಲ್ಲದಷ್ಟು. ಏಕೆಂದರೆ ಆ ವರ್ಷ ಹುಡುಗ ಭಾರೀ ಉಡಾಫೆಯವನಾದ. ವಿಶಲ್ ಊದಿದರೆ ತಿರುಗುವುದಿಲ್ಲ, ಕರೆದರೆ ಬೇರೆ ಎಲ್ಲೋ ನೋಡುತ್ತಾನೆ. "ಕಿವಿ ಕೇಳುದಿಲ್ವಾ ನಿನಗೆ?" ಎಂದು ಗದರುತ್ತಿದ್ದೆ, ಹೊಡೆಯುತ್ತಿದ್ದೆ. ಮತ್ತೆ ಯಾವ ಓಟಕ್ಕೂ ಅವನು ಹೆಸರು ಕೊಡಲಿಲ್ಲ. ಹೇಗೋ ಪಾಸಾದ, ಗಲ್ಫಿಗೆ ಹೋದ, ನಾನು ನನ್ನ ಪಾಡಿಗೆ ಬೇರೆ ಮಕ್ಕಳನ್ನು ಹಿಡಿದುಕೊಂಡೆ.

ನಿವೃತ್ತಿಯಾದ ಮೇಲೆ ನರಿಕೊಂಬಿನ ಮನೆಯಲ್ಲಿ ಬೈಯಲು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಒಂದು ಭಾನುವಾರ ಗೇಟಿನ ಹತ್ತಿರ ಯಾರೋ ನಿಂತ ಹಾಗಾಯಿತು. ಮೂವತ್ತೆಂಟು ದಾಟಿದ ಗಂಡಸು, ಗಡ್ಡದಲ್ಲಿ ನಾಲ್ಕು ಬಿಳಿ ಕೂದಲು, ಕಾಲಿಗೆ ಓಟದ ಶೂ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗಲ್ಫಿನಿಂದ ಬಂದು ಲಾಯಿಲದಲ್ಲಿ ಪೇಂಟ್ ಅಂಗಡಿ ಇಟ್ಟಿದ್ದೇನೆ ಎಂದ. ನೂರು ಕಿಲೋಮೀಟರ್ ಓಟ ಇದೆ, ಬಂಟ್ವಾಳದಿಂದ ಬೆಳ್ತಂಗಡಿ, ಅಲ್ಲಿಂದ ವೇಣೂರಿನ ಮೇಲೆ ಮೂಡಬಿದ್ರೆ, ತಿರುಗಿ ಸಿದ್ಧಕಟ್ಟೆಯ ಮೇಲೆ ಬಂಟ್ವಾಳ, ಪ್ರತಿ ಓಟಗಾರನ ಜೊತೆ ನೀರು, ಊಟ, ಔಷಧ ನೋಡಿಕೊಳ್ಳಲು ಒಬ್ಬರು ಇರಬೇಕು, ನೀವು ಬರ್ತೀರಾ ಎಂದು ಕೇಳಿದ.

"ನನಗೆ ಅರುವತ್ತೆರಡು ವರ್ಷ ಮಾರಾಯ. ನಿನಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಹೋದ ವರ್ಷ ಹೆಂಡತಿ ಇದ್ದಳು ಟೀಚರೇ. ಕೊನೆಗೆ ನಾನು ಕೂತುಬಿಟ್ಟೆ. ಪಾಪ, ಸಾಕು, ಮನೆಗೆ ಹೋಗುವ ಅಂದಳು. ಹೋದೆವು. ನನಗೆ ಬೈಯುವವರು ಬೇಕು. ನಿಲ್ಲಿಕ್ಕೆ ಬಿಡದವರು."

ಹೋದ ವರ್ಷ ಎಷ್ಟು ಉಳಿದಿತ್ತು ಎಂದು ಕೇಳಿದೆ. ರಸ್ತೆ ತೊಂಬತ್ತೈದು ಕಿಲೋಮೀಟರಿಗೆ ಮುಗಿಯುತ್ತದೆ, ಉಳಿದ ಐದನ್ನು ಬಂಟ್ವಾಳದ ಒಂದು ಶಾಲೆಯ ಮೈದಾನದಲ್ಲಿ ಸುತ್ತು ಹಾಕಿ ಮುಗಿಸಬೇಕು, ಅಲ್ಲಿ ಹನ್ನೊಂದು ಸುತ್ತಾಗುವಾಗ ಕೂತೆ ಎಂದ. ಈ ಸಲ ಮುಗಿಸದಿದ್ದರೆ ಇನ್ನು ಓಡುವುದೇ ಇಲ್ಲ ಎಂದೂ ಹೇಳಿದ. ಚಾದ ಲೋಟ ಕೊಡಲು ಕೈ ಮುಂದೆ ಚಾಚಿದೆ. ಅವನ ತಲೆ ಒಂದು ಗೇಣು ಹಿಂದಕ್ಕೆ ಹೋಯಿತು. ನಾನು ಅದಕ್ಕೆ ಅರ್ಥ ಹುಡುಕಲಿಲ್ಲ.

ಓಟದ ದಿನ ನಸುಕಿನ ನಾಲ್ಕಕ್ಕೆ ಬಿಟ್ಟರು. ಸಂಜೆ ಆರಕ್ಕೆ ವಿಶಲ್, ಅಷ್ಟರೊಳಗೆ ಮುಗಿಸಬೇಕು. ಮೂವತ್ತು ಮಂದಿಯೂ ಇರಲಿಲ್ಲ. ಅವರ ಜೊತೆಗೆ ಬಂದ ನಮ್ಮದೇ ಇನ್ನೊಂದು ದಂಡು: ಬೈಕಿನವರು, ಓಮ್ನಿಯವರು, ಸ್ಕೂಟರಿನವಳು ನಾನೊಬ್ಬಳೇ. ಮೀನಿನ ಪಿಕಪ್ ತಂದವನೊಬ್ಬ ಇದ್ದ. ಅವನ ತಂಗಿ ನರ್ಸ್, ಅವಳು ಓಡುವವಳು. ಮೀನಿನ ಪೆಟ್ಟಿಗೆಯ ಮಂಜುಗಡ್ಡೆಯನ್ನು ಅವನು ಕೇಳಿದವರಿಗೆಲ್ಲ ಕೊಡುತ್ತಿದ್ದ. ಆ ದಿನ ಓಡಿದ ಅರ್ಧ ಜನರ ಕುತ್ತಿಗೆ ಬಂಗುಡೆ ನಾರುತ್ತಿತ್ತು. "ನಿಮ್ಮ ಹುಡುಗ, ನನ್ನ ತಂಗಿ ಅಂತ ಇಲ್ಲಿ ಇಲ್ಲ ಟೀಚರೇ. ಯಾರು ಬಿದ್ರೂ ಎತ್ತುದೇ" ಎಂದು ಅವನು ನನಗೆ ಮೊದಲ ಪಾಠ ಹೇಳಿದ. ಪಾಠ ಹೇಳಿಸಿಕೊಂಡು ಅಭ್ಯಾಸವಿಲ್ಲದ ನಾನು ಮುಖ ಗಂಟಿಕ್ಕಿದೆ. ಆದರೆ ಪುಂಜಾಲಕಟ್ಟೆ ತಲುಪುವಷ್ಟರಲ್ಲಿ ಯಾರದೋ ಗುರುತಿಲ್ಲದವನ ವಾಂತಿ ಒರೆಸಿ, ಇನ್ಯಾರದೋ ಕಿತ್ತುಬಂದ ಕಾಲುಗುರನ್ನು ಕತ್ತರಿಯಲ್ಲಿ ಕತ್ತರಿಸಿ ಎಸೆದಿದ್ದೆ.

ಈ ಓಟ ಮೈಯನ್ನು ಹೊಡೆಯುವ ರೀತಿ ನೋಡಿದರೆ ನಾನು ಹೊಡೆದದ್ದು ಏನೂ ಅಲ್ಲ ಅನಿಸಿತು. ಮೊದಲು ತೊಡೆ, ಆಮೇಲೆ ಪಾದ, ಆಮೇಲೆ ಹೊಟ್ಟೆ. ಬೆವರಿನ ಉಪ್ಪು ಕಂಕುಳ ಚರ್ಮವನ್ನು ತಿನ್ನುತ್ತದೆ. ಅಂಗಿ ಉಜ್ಜಿ ಉಜ್ಜಿ ಗಂಡಸರ ಎದೆಯಿಂದ ರಕ್ತ ಎರಡು ಗೆರೆಯಾಗಿ ಇಳಿಯುತ್ತದೆ. ಎಲ್ಲವೂ ತಾವಾಗಿ ಕೇಳಿ ಪಡೆದದ್ದು. ಹೀಗೂ ಪೆಟ್ಟು ತಿನ್ನಲು ಜನ ಇದ್ದಾರಲ್ಲ ಎಂದು ನನಗೆ ಸಿಟ್ಟೂ ಬಂತು, ಅಸೂಯೆಯೂ ಆಯಿತು.

ಮಡಂತ್ಯಾರಿನ ಈಚೆ ನಾಯಿಗಳು ಅಟ್ಟಿಸಿಕೊಂಡು ಬಂದವು. ನಾಯಿಗಳಿದ್ದದ್ದು ಎಡಕ್ಕೆ, ಇವನು ಬಲಕ್ಕೆ ತಿರುಗಿ ಬೇಲಿಯನ್ನು ನೋಡುತ್ತ ನಿಂತ. "ಮಂಡೆ ಸಮ ಇಲ್ವಾ ನಿನಗೆ? ನಾಯಿ ಈಚೆ ಉಂಟು" ಎಂದು ಕಿರುಚಿ, ಕಲ್ಲೆತ್ತಿ ಎಸೆದೆ. ಮುಂದಿದ್ದ ನಾಯಿಯ ಪಕ್ಕೆಗೆ ಬಿತ್ತು. ಅದು ಕುಂಯ್ಗುಟ್ಟಿ ಗದ್ದೆಗೆ ಹಾರಿತು. ಆಮೇಲೆ ಎಡಗಡೆಯಿಂದ ನೀರಿನ ಬಾಟಲಿ ಚಾಚಿ ಮೂರು ಸಲ ಕರೆದೆ, ಅವನು ತಿರುಗಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಮಾತು ಬಾಯಿಗೆ ತಾನಾಗಿ ಬಂತು. "ಕಿವಿ ಕೇಳುದಿಲ್ವಾ ನಿನಗೆ?" ಅದು ಮಾತ್ರ ಅವನಿಗೆ ಕೇಳಿಸಿತು. "ಇಲ್ಲ ಟೀಚರೇ" ಎಂದ, ಬಾಟಲಿ ಇಸಕೊಂಡ, ಓಡಿದ. ಎದುರುತ್ತರ ಕೊಡುತ್ತಾನೆ ಎಂದುಕೊಂಡೆ.

ಲಾಯಿಲದಲ್ಲಿ ಅವನ ಹೆಂಡತಿ ಅಂಗಡಿಯ ಎದುರು ಗಂಜಿ, ಉಪ್ಪಿನಕಾಯಿ, ಒಗೆದ ಸಾಕ್ಸ್ ಹಿಡಿದುಕೊಂಡು ಕಾಯುತ್ತಿದ್ದಳು. ಅವನು ನಿಂತೇ ಗಂಜಿ ಕುಡಿದ. ಅವನು ಬಾತ್‌ರೂಮಿಗೆ ಹೋದಾಗ ಅವಳು ನನ್ನ ಹತ್ತಿರ ಬಂದಳು.

"ಟೀಚರೇ, ನೀವು ಅವರ ಎಡಗಡೆಯೇ ಇರಿ. ಆ ಕಿವಿ ಇಲ್ಲ ಅವರಿಗೆ."

"ಇಲ್ಲ ಅಂದ್ರೆ?"

"ಏನೂ ಕೇಳುದಿಲ್ಲ. ಒಂದೇ ಕಿವಿ ಅಲ್ವಾ, ಶಬ್ದ ಎಲ್ಲಿಂದ ಬಂದ್ರೂ ಬಲಗಡೆಯಿಂದ ಬಂದ ಹಾಗೆ ಆಗ್ತದೆ. ಹಾರನ್ ಹೊಡೆದ್ರೆ ತಪ್ಪಿಸ್ಲಿಕ್ಕೆ ಅಂತ ಎಡಕ್ಕೆ ಹಾರ್ತಾರೆ. ಗಾಡಿ ಎಡಕ್ಕೇ ಇರ್ತದೆ. ಹಾಗೆ ಹೇಳಿದ್ದು."

ಯಾವಾಗಿನಿಂದ ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಾಗಿತ್ತು, ಆದರೂ ಕೇಳಿದೆ.

"ಶಾಲೆಯಲ್ಲಿರುವಾಗ. ಸ್ಪೋರ್ಟ್ಸಿನ ವಾರ ಮಾವಿನ ಮರದಿಂದ ಬಿದ್ದದ್ದಂತೆ. ಕೀವು ಬಂದು ಒಳಗೆ ಎಲ್ಲ ಹೋಯ್ತಂತೆ. ಕೇಳುದಿಲ್ಲ ಅಂತ ಯಾರಿಗೂ ಹೇಳ್ಲಿಲ್ಲ, ಗಲ್ಫಿಗೆ ಹೋದ ಮೇಲೆ ಡಾಕ್ಟ್ರಿಗೆ ತೋರಿಸಿದ್ದು."

ಮರದಿಂದ ಬಿದ್ದದ್ದು ಎಂದು ಉಮ್ಮನಿಗೆ ಹೇಳಿದ್ದ, ಹೆಂಡತಿಗೂ ಅದನ್ನೇ ಹೇಳಿದ್ದ. ನಾನು ಸ್ಕೂಟರಿನ ಸೀಟಿನ ಮೇಲೆ ಕೂತುಬಿಟ್ಟೆ. ಆ ವರ್ಷವಿಡೀ ಕೊಟ್ಟ ಪೆಟ್ಟುಗಳು ಒಂದೊಂದಾಗಿ ನೆನಪಾದವು. ವಿಶಲಿಗೆ ತಿರುಗದ್ದಕ್ಕೆ, ಕರೆದಾಗ ಬೇರೆ ಕಡೆ ನೋಡಿದ್ದಕ್ಕೆ, ನನ್ನ ಮಾತಿಗೆ ಓಗೊಡದ್ದಕ್ಕೆ. ಕಿವಿಯನ್ನು ನಾನೇ ತೆಗೆದು, ಕೇಳಿಸಲಿಲ್ಲ ಎಂದು ನಾನೇ ಹೊಡೆದಿದ್ದೆ. ನನ್ನ ಮೇಲೆ ನನಗೆ ಎಂಥ ಅಸಹ್ಯ ಬಂತೆಂದರೆ, ಆ ಗಂಜಿಯ ಪಾತ್ರೆಯನ್ನು ಎತ್ತಿ ತಲೆಗೆ ಹೊಡೆದುಕೊಳ್ಳುವ ಅನಿಸಿತು.

ಇಷ್ಟೇ ಆಗಿದ್ದರೆ ಸಿಟ್ಟಿನಲ್ಲಿ ಆದ ತಪ್ಪು ಎನ್ನಬಹುದಿತ್ತು. ಆ ಸ್ಪೋರ್ಟ್ಸಿನ ಕಥೆಯಲ್ಲಿ ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟದ್ದೊಂದು ಇದೆ. ಸುತ್ತು ಎಣಿಸಲು ನಾನು ಮಂಜೊಟ್ಟಿ ಬೀಜ ಇಟ್ಟುಕೊಳ್ಳುತ್ತಿದ್ದೆ, ಶಾಲೆಯ ಹಿಂದೆ ಬೀಳುವ ಕೆಂಪು ಬೀಜ. ಎಡಗೈಯಲ್ಲಿ ಇಪ್ಪತ್ತೈದು ಹಿಡಿದು, ಸುತ್ತಿಗೊಂದರಂತೆ ಬಲಗೈಗೆ ದಾಟಿಸುವುದು. ಅಂದು ಎಡಗೈಯಲ್ಲಿ ಒಂದೇ ಉಳಿದದ್ದು ನೋಡಿ, "ಇದೇ ಲಾಸ್ಟ್" ಎಂದು ಅವನಿಗೆ ಕೂಗಿದ್ದು ನಾನು. ಅವನು ಜೀವ ಬಿಟ್ಟು ಓಡಿ ಬಂದು ನಿಂತ. ಉಳಿದವರು ನಿಲ್ಲದೆ ಹೋದಾಗ ನನಗೆ ತಪ್ಪು ಹೊಳೆಯಿತು. ಎಲ್ಲ ಶಾಲೆಯ ಮೇಷ್ಟ್ರುಗಳು ನನ್ನನ್ನೇ ನೋಡುತ್ತಿದ್ದರು. ಆ ನೋಟ ನನ್ನ ಮೇಲಿಂದ ಅವನ ಮೇಲೆ ಹೋಗಲಿ ಎಂದು ಹೊಡೆದೆ. ಸಂಜೆ ಮನೆಯಲ್ಲಿ ಸಾಕ್ಸ್ ಬಿಚ್ಚುವಾಗ ಇಪ್ಪತ್ತೈದನೆಯ ಬೀಜ ಮಡಿಕೆಯಿಂದ ಉರುಳಿ ಬಿತ್ತು.

ಅದನ್ನು ಎಸೆಯಲಿಲ್ಲ. ಕುಂಕುಮದ ಹಳೆಯ ಡಬ್ಬಿಯಲ್ಲಿ ಹಾಕಿಟ್ಟೆ. ಈ ಓಟದ ಕೊನೆಗೆ ಇಪ್ಪತ್ತೈದು ಸುತ್ತು ಎಂದು ಕೇಳಿದಾಗ ಇಪ್ಪತ್ತನಾಲ್ಕು ಹೊಸ ಬೀಜ ಹೆಕ್ಕಿ ಅದಕ್ಕೆ ಸೇರಿಸಿ ತಂದಿದ್ದೆ. ಯಾಕೆ ತಂದೆ ಎಂದರೆ ಹೇಳಲು ಬರುವುದಿಲ್ಲ, ಧೈರ್ಯ ಬಂದರೆ ತೋರಿಸುವ ಎಂದಿರಬೇಕು. ಲಾಯಿಲದಿಂದ ಹೊರಡುವಾಗ ಇದ್ದ ಧೈರ್ಯವೂ ಹೋಯಿತು. ಅವನ ಎಡಕ್ಕೆ, ಎರಡು ಮಾರು ಹಿಂದೆ ಸ್ಕೂಟರ್ ಓಡಿಸುತ್ತ, ಬಾಯಿ ಮುಚ್ಚಿಕೊಂಡು ಹೋದೆ. ಅವನಿಗೇ ಅನುಮಾನ ಬಂತು. "ಎಂತ ಟೀಚರೇ, ಬೈಯುದಿಲ್ವಾ?" ಎಂದು ಕೇಳಿದ.

ವೇಣೂರು ದಾಟಿದ ಮೇಲೆ ಒಂದು ತಿರುವು. ನಡು ಮಧ್ಯಾಹ್ನ, ಡಾಂಬರು ಮೆತ್ತಗಾಗಿತ್ತು, ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಓಟಗಾರರು ಎದುರು ಬರುವ ಗಾಡಿಗಳು ಕಾಣಲಿ ಎಂದು ರಸ್ತೆಯ ಬಲ ಅಂಚಿನಲ್ಲಿ ಓಡುತ್ತಾರೆ. ಹಿಂದಿನಿಂದ ಒಂದು ಖಾಸಗಿ ಬಸ್ಸು, ಮುಂದಿನ ಟಿಪ್ಪರನ್ನು ಹಿಂದೆ ಹಾಕಲೆಂದು ನಮ್ಮ ಬದಿಗೆ ನುಗ್ಗಿ ಹಾರನ್ ಒತ್ತಿ ಹಿಡಿಯಿತು. ನಾನು ಕನ್ನಡಿಯಲ್ಲಿ ಬಸ್ಸು ನೋಡಿದೆ. ಮುಂದೆ ಅವನ ಹೆಗಲು ನಡುಗಿದ್ದು ನೋಡಿದೆ. ಹೆಂಡತಿ ಹೇಳಿದ ಹಾಗೆಯೇ ಅವನು ಎಡಕ್ಕೆ ಹಾರಿದ, ನೇರ ಬಸ್ಸಿನ ದಾರಿಗೆ.

ಸ್ಕೂಟರನ್ನು ಅವನತ್ತ ನುಗ್ಗಿಸಿ, ಹ್ಯಾಂಡಲ್ ಬಿಟ್ಟು ಬಲಗೈಯಲ್ಲಿ ಅವನ ಬೆನ್ನಿಗೆ ಇದ್ದಷ್ಟು ಬಲದಿಂದ ದೂಡಿದೆ. ಅವನು ಚರಂಡಿಗೆ ಮುಖ ಅಡಿಯಾಗಿ ಬಿದ್ದ, ನಾನು ಅವನ ಮೇಲೆ. ಬಸ್ಸು ಸ್ಕೂಟರನ್ನು ಇಪ್ಪತ್ತು ಮೀಟರ್ ಉಜ್ಜಿಕೊಂಡು ಹೋಗಿ ನಿಂತಿತು. ನನ್ನ ಅಂಗೈ ಚರ್ಮ ಸುಲಿದಿತ್ತು. ಅವನ ಗಲ್ಲ ಒಡೆದು ರಕ್ತ ಬನಿಯನ್ನಿಗೆ ಸುರಿಯುತ್ತಿತ್ತು. ಕೈಕಾಲು ಆಡುತ್ತವೆ ಎಂದು ನೋಡಿಕೊಂಡೆ, ಅಷ್ಟೇ. ಮೇಲೆದ್ದು ಬಸ್ಸಿಗೆ ಓಡಿದೆ. ಡ್ರೈವರನ ಬಾಗಿಲು ತೆಗೆದು ಕಾಲರ್ ಹಿಡಿದು ಕೆಳಗೆ ಎಳೆದೆ. ಮೂವತ್ತರ ಹತ್ತಿರದ ಗಂಡಸು, ನಡುಗುತ್ತಿದ್ದ. ಬಸ್ಸಿನಿಂದ ಇಳಿದವನೊಬ್ಬ ಅವನ ಬಾಯಿಗೆ ಗುದ್ದಿದ, ತುಟಿ ಒಡೆಯಿತು. ಕಂಡಕ್ಟರ್ ಆ ಮನುಷ್ಯನ ಹೊಟ್ಟೆಗೆ ಒದ್ದ. ಯಾರೋ ಕಲ್ಲು ತೆಗೆದರು. ನನಗೆ ಯಾರೂ ಬೇಡವಾಗಿತ್ತು, ಈ ಡ್ರೈವರ್ ಒಬ್ಬ ಸಾಕಿತ್ತು. ಎಡಗೈಯಲ್ಲಿ ಕಾಲರ್ ಹಿಡಿದು ಬಲಗೈ ಎತ್ತಿದೆ, ಹಳೆಯ ಅಳತೆಯಲ್ಲಿಯೇ.

"ಟೀಚರೇ."

ಅವನು ಚರಂಡಿಯಿಂದ ಎದ್ದು ಬಂದಿದ್ದ. ಗಲ್ಲ ಹಿಡಿದುಕೊಂಡು, ಮೆಲ್ಲಗೆ, ಪೇಂಟಿನ ಬಣ್ಣ ಕೇಳುವವನ ಹಾಗೆ ಹೇಳಿದ.

"ಕಿವಿಗೆ ಬೇಡ ಟೀಚರೇ."

ಕೈ ಅಲ್ಲೇ ನಿಂತಿತು. ಜೀವಮಾನದಲ್ಲಿ ಎತ್ತಿದ ಕೈಯನ್ನು ಹೊಡೆಯದೆ ಇಳಿಸಿದ್ದು ಅದೇ ಮೊದಲು. ಡ್ರೈವರನ ಕಾಲರ್ ಬಿಟ್ಟೆ. ಅವನು ಟಯರಿಗೆ ಒರಗಿ ಕೂತು ಅಳತೊಡಗಿದ. ನನಗೂ ಅಳು ಬಂತು, ಅಲ್ಲೇ, ಅಷ್ಟು ಜನರ ಎದುರು.

"ನಾನೇ ಅಲ್ವಾ ಅದು? ಆ ಕಿವಿ?" ಎಂದು ಅವನನ್ನು ಕೇಳಿದೆ.

"ಓಡುವ ಟೀಚರೇ, ಹೊತ್ತಾಯ್ತು" ಎಂದ ಅವನು.

ಹೊತ್ತು ನಿಜವಾಗಿ ಆಗಿತ್ತು. ಗಲ್ಲಕ್ಕೆ ಹೊಲಿಗೆ ಬೇಕಿತ್ತು. ಮೀನಿನ ಪಿಕಪ್‌ನವನ ತಂಗಿ, ಆ ನರ್ಸ್, ತನ್ನ ಓಟ ನಿಲ್ಲಿಸಿ ಅಲ್ಲೇ ರಸ್ತೆಬದಿಯಲ್ಲಿ ಕೂತು ಗಾಯ ತೊಳೆದು, ಬ್ಯಾಂಡೇಜು ಬಿಗಿದು ಕಟ್ಟಿದಳು. ಅವಳಿಗೆ ಹೊಟ್ಟೆ ಕೆಟ್ಟಿತ್ತು, ಹೇಗೂ ಮೂಡಬಿದ್ರೆಯಲ್ಲಿ ಬಿಡುವವಳೇ ಇದ್ದೆ ಎಂದಳು. ಸುಳ್ಳೋ ನಿಜವೋ ಗೊತ್ತಿಲ್ಲ. ಅರ್ಧ ಗಂಟೆಗಿಂತ ಹೆಚ್ಚು ಅಲ್ಲೇ ಹೋಯಿತು. ಅವಳ ಅಣ್ಣ ನನ್ನ ಮುರಿದ ಸ್ಕೂಟರನ್ನು ಪಿಕಪ್ಪಿಗೆ ಎತ್ತಿಹಾಕಿದ, ನನ್ನನ್ನೂ ಎತ್ತಿ ಮೀನಿನ ಪೆಟ್ಟಿಗೆಗಳ ನಡುವೆ ಕೂರಿಸಿದ.

ಅವನ ಎಡಗಡೆ ಈಗ ಯಾರು ಎಂಬ ಪ್ರಶ್ನೆ ಬಂತು. ನಾನು ಪಿಕಪ್ಪಿನಲ್ಲಿ ನಿಂತು ಎಲ್ಲರಿಗೂ ಹೇಳಿದೆ, ಅವನಿಗೆ ಎಡಗಿವಿ ಇಲ್ಲ ಎಂದು. ಕಾರಣ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಮೂಡಬಿದ್ರೆಯಲ್ಲಿ ತೋಡಾರಿನ ಕಡೆಯ ಇಬ್ಬರು ಬೈಕಿನವರು ಸೇರಿಕೊಂಡರು, ಅವರ ಓಟಗಾರ ಆಗಲೇ ಸೋತು ಮನೆಗೆ ಹೋಗಿದ್ದ. ಸರದಿಯ ಮೇಲೆ ಒಬ್ಬೊಬ್ಬರು ಅವನ ಎಡಕ್ಕೆ ಹೋದರು, ಹಿಂದಿನಿಂದ ಪಿಕಪ್ಪು. ಹಾರನ್ ಬಂದಾಗೆಲ್ಲ ಎಡಗಡೆ ಇದ್ದವರು ಅವನ ತೋಳು ಹಿಡಿಯುತ್ತಿದ್ದರು. ಅವನ ಹೆಸರೂ ಗೊತ್ತಿಲ್ಲದವರು ಇಪ್ಪತ್ತೇಳು ಕಿಲೋಮೀಟರ್ ಅವನನ್ನು ಕಾದರು. ಮೂವತ್ತಮೂರು ವರ್ಷದಲ್ಲಿ ನಾನು ಕಲಿಸಿದ ಶಿಸ್ತಿನಲ್ಲಿ ಇಂಥದ್ದು ಇರಲಿಲ್ಲ.

ಸಿದ್ಧಕಟ್ಟೆಯಲ್ಲಿ ಅವನು ವಾಂತಿ ಮಾಡಿದ. ಮತ್ತೆ ಒಂದು ಕಡೆ ಮೋರಿಯ ಮೇಲೆ ಕೂತ. ಕಣ್ಣು ಮುಚ್ಚಿದ. ಎಲ್ಲರೂ ನನ್ನ ಮುಖ ನೋಡಿದರು. ಬೈಯಲಿಕ್ಕೆಂದೇ ಕರೆತಂದದ್ದಲ್ಲವೇ ನನ್ನನ್ನು. ಪಿಕಪ್ಪಿನಿಂದ ಇಳಿದು ಅವನ ಬಲಕ್ಕೆ ಹೋದೆ. "ಏಳ್ತೀಯಾ, ಇಲ್ಲ ಚರ್ಮ ಸುಲಿಯಬೇಕಾ?" ಎಂದೆ. ಅವನು ನಕ್ಕ, ಬ್ಯಾಂಡೇಜಿನಿಂದ ರಕ್ತ ಜಿನುಗಿತು, ಎದ್ದ.

ಮೈದಾನಕ್ಕೆ ಬಂದಾಗ ಐದು ಗಂಟೆ ಆಗಿ ಎಂಟು ನಿಮಿಷ. ಅಲ್ಲಿಯ ಪದ್ಧತಿ ಏನೆಂದರೆ, ಓಟಗಾರನ ಸುತ್ತುಗಳನ್ನು ಅವನ ಜೊತೆಗೆ ಬಂದವರೇ ಎಣಿಸಬೇಕು. ಅವರು ಆಯ್ತು ಎಂದರೆ ಆಯ್ತು, ಬೇರೆ ಯಾರೂ ಕೇಳುವುದಿಲ್ಲ. ನಾನು ಪಿಕಪ್‌ನವನನ್ನು ಕರೆದು, "ನೀನು ಎಣಿಸು ಮಾರಾಯ, ನನ್ನಿಂದಾಗುದಿಲ್ಲ" ಎಂದೆ. ಅಷ್ಟರಲ್ಲಿ ಇವನು ಸೊಂಟ ಹಿಡಿದುಕೊಂಡು ಹತ್ತಿರ ಬಂದು, "ಟೀಚರೇ, ನೀವೇ ಎಣಿಸಿ" ಎಂದು ಹೇಳಿ ಹೋದ. ಸೊಂಟದಲ್ಲಿದ್ದ ಕುಂಕುಮದ ಡಬ್ಬಿ ತೆಗೆದು ಬೀಜಗಳನ್ನು ಎಡಗೈಗೆ ಸುರಿದುಕೊಂಡೆ. ಹಳೆಯ ಬೀಜ ಬಣ್ಣ ಮಾಸಿ ಕಂದಾಗಿತ್ತು. ಅದನ್ನು ಕೊನೆಯದಾಗಿ ಉಳಿಯುವ ಹಾಗೆ ಹೆಬ್ಬೆರಳಿನ ಬುಡದಲ್ಲಿ ಒತ್ತಿ ಹಿಡಿದು, ಉಳಿದವನ್ನು ಒಂದೊಂದಾಗಿ ದಾಟಿಸತೊಡಗಿದೆ. ಅಂಗೈಯ ಗಾಯದ ರಕ್ತಕ್ಕೆ ಬೀಜಗಳು ಅಂಟುತ್ತಿದ್ದವು. ದಾಟಿಸಿದ್ದನ್ನು ಪ್ರತಿ ಸಲ ಮತ್ತೆ ಮುಟ್ಟಿ ನೋಡುತ್ತಿದ್ದೆ.

ಹನ್ನೊಂದನೆಯ ಸುತ್ತಿನಲ್ಲಿ, ಹೋದ ವರ್ಷ ಕೂತ ಜಾಗದಲ್ಲಿ, ಅವನು ವಾಲಿದ, ಆದರೆ ಕೂರಲಿಲ್ಲ. ಹದಿನೈದಾಗುವಾಗ ಒಂದು ಕಾಲು ಎಳೆಯುತ್ತಿತ್ತು. ಸುತ್ತಿಗೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ನಾನು ಗಡಿಯಾರ ನೋಡಿದೆ, ಬೀಜ ನೋಡಿದೆ. ಇಪ್ಪತ್ತನಾಲ್ಕನೆಯದನ್ನು ಮುಗಿಸಲು ಅವನು ನನ್ನ ಕಡೆ ಬರುವಾಗ ಆರಕ್ಕೆ ಒಂದು ನಿಮಿಷವೂ ಇರಲಿಲ್ಲ. ಇನ್ನೊಂದು ಸುತ್ತು ಅಷ್ಟರಲ್ಲಿ ಆಗುವ ಮಾತೇ ಅಲ್ಲ.

ಪಿಕಪ್‌ನವನು ನನ್ನ ಕೈ ನೋಡಿದ. ಈ ಸುತ್ತಿನದನ್ನು ಆಗಲೇ ದಾಟಿಸಿದ್ದೆ, ಒಂದೇ ಬೀಜ ಉಳಿದಿತ್ತು. "ಟೀಚರೇ, ಆಯ್ತು ಅಂತ ಹೇಳಿ" ಎಂದು ಕಿವಿಯಲ್ಲಿ ಹೇಳಿದ. "ಯಾರು ನೋಡಿದ್ದಾರೆ? ಸಾಯ್ತಾನೆ ಅವ."

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು, ಹೊತ್ತಿಗೆ ಮುಗಿಸಿದವರ ಸಾಲಿನಲ್ಲಿ ಅವನೂ ನಿಲ್ಲುತ್ತಿದ್ದ. ಕಿವಿಗೆ ಬದಲು ಇಷ್ಟಾದರೂ ಕೊಟ್ಟಂತಾಗುತ್ತಿತ್ತು ಎಂದು ಮನಸ್ಸು ಹೇಳಿತು. ಅವನು ಎದುರಿಗೆ ಬಂದ. ಬಾಯಿ ತೆರೆದಿತ್ತು, ಕಣ್ಣು ನನ್ನ ಮೇಲಿತ್ತು. ಕೇಳಲು ಉಸಿರಿರಲಿಲ್ಲ, ಬೆರಳು ಎತ್ತಿ ಕೇಳಿದ: ಆಯ್ತಾ?

"ಇನ್ನೊಂದು ಉಂಟು" ಎಂದೆ.

ಅವನಿಗೆ ನಾನು ಕೊಟ್ಟ ಪೆಟ್ಟುಗಳಲ್ಲಿ ಇದೇ ಎಲ್ಲಕ್ಕಿಂತ ಜೋರಿನದು. ಅವನ ಮುಖ ಮುರಿದದ್ದು ನನಗೆ ಕಾಣಿಸಿತು. ಆದರೆ ಕಾಲು ನಿಲ್ಲಲಿಲ್ಲ. ಅವನು ಮೊದಲ ತಿರುವು ದಾಟುವಾಗ ಮೈದಾನದ ನಡುವಿನಿಂದ ಆರರ ವಿಶಲ್ ಉದ್ದಕ್ಕೆ ಊದಿತು. ಅವನ ಜೊತೆ ಟ್ರ್ಯಾಕಿನಲ್ಲಿದ್ದ ಇನ್ನಿಬ್ಬರು ನಿಂತಲ್ಲೇ ಕುಸಿದರು. ಇವನು ಓಡುತ್ತಲೇ ಇದ್ದ. ಎಡಗಿವಿ ಮೈದಾನದ ಒಳಕ್ಕಿದೆ, ಕೇಳಿಸಿಲ್ಲ ಎಂದು ನಾನು ಎದ್ದು ನಿಂತೆ. ಯಾರೂ ಅವನನ್ನು ನಿಲ್ಲಿಸಲಿಲ್ಲ. ವಿಶಲ್ ಊದಿದವರೂ ಸುಮ್ಮನೆ ನಿಂತರು. ಬೈಕಿನವರು, ನರ್ಸ್, ಅವಳ ಅಣ್ಣ, ಆಗಲೇ ಮುಗಿಸಿ ಮೈಗೆ ಟವೆಲ್ ಸುತ್ತಿಕೊಂಡಿದ್ದವರು, ಎಲ್ಲರೂ ಗೆರೆಯ ಹತ್ತಿರ ಬಂದು ಕಾದರು.

ಅವನು ಗೆರೆ ದಾಟಿ ನನ್ನ ಕಾಲ ಹತ್ತಿರ ಬಿದ್ದ. ನಾನು ಪಕ್ಕದಲ್ಲಿ ಮಣ್ಣಿಗೆ ಕೂತೆ. ನೀರು ಕುಡಿಸಿದರು, ಕುತ್ತಿಗೆಗೆ ಮಂಜು ಇಟ್ಟರು. ಉಸಿರು ಬಂದ ಮೇಲೆ, "ಎಷ್ಟು ಟೀಚರೇ?" ಎಂದ.

"ಇಪ್ಪತ್ತೈದು. ಆದ್ರೆ ಹೊತ್ತು ಮೀರಿತು ಮಾರಾಯ. ವಿಶಲ್ ಆಗಿತ್ತು. ನಿನಗೆ ಕೇಳ್ಲಿಲ್ಲ."

"ಕೇಳ್ತು" ಎಂದ. "ನೀವು ಇನ್ನೊಂದು ಉಂಟು ಅಂದಿರಲ್ಲ."

ಮುಷ್ಟಿ ಬಿಚ್ಚಿ ಹಳೆಯ ಬೀಜವನ್ನು ತೋರಿಸಿದೆ. ಅವತ್ತು ಇದು ನನ್ನ ಸಾಕ್ಸಿನಲ್ಲಿತ್ತು, ಎಣಿಕೆ ತಪ್ಪಿದ್ದು ನಾನು, ಪೆಟ್ಟು ತಿಂದದ್ದು ನೀನು ಎಂದು ಹೇಳಿದೆ. ಅವನು ಬೀಜವನ್ನು ತೆಗೆದುಕೊಂಡು, ಅದಕ್ಕೆ ಹತ್ತಿದ ರಕ್ತವನ್ನು ಅಂಗಿಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿದ.

"ಬೀಜದ್ದು ಗೊತ್ತಿರ್ಲಿಲ್ಲ" ಎಂದ. "ಸುತ್ತು ಗೊತ್ತಿತ್ತು. ಅವತ್ತು ನಾನೂ ಎಣಿಸ್ತಿದ್ದೆ ಟೀಚರೇ. ಇಪ್ಪತ್ತನಾಲ್ಕೇ ಆಗಿತ್ತು. ಟೀಚರ್ ಹೇಳಿದ್ರಲ್ಲ ಅಂತ ನಿಂತೆ."

ನಾನು ಕೂತದ್ದು ಅವನ ಎಡಗಡೆ. ಅಲ್ಲಿಂದ ಎದ್ದು, ನೋಯುವ ಮಂಡಿಯನ್ನು ಎಳೆದುಕೊಂಡು ಅವನ ಬಲಗಡೆಗೆ ಹೋಗಿ ಕೂತೆ. ಆ ಕಿವಿಯ ಹತ್ತಿರ ಬಾಗಿ, ತಪ್ಪಾಯ್ತು ಮಾರಾಯ ಎಂದೆ.